ಬಂದರೆ ಎಬ್ಬಿಸು

ಮೊದಲು ಅದು ಗಡಿಯಾರದ ಆಳು.
ಐದು ನಿಮಿಷಕ್ಕೊಮ್ಮೆ ಎದ್ದು, ಬಾಗಿಲು ತೆಗೆದು,
ಯಾರೂ ಇಲ್ಲ ಎಂದು ಬರೆದಿಟ್ಟು ಮಲಗುತ್ತಿತ್ತು.
ಸಂಜೆ ಎಂಟರಿಂದ ಬೆಳಗಿನ ಐದರವರೆಗೆ
ನೂರೆಂಟು ಸಲ, ಜಪದ ಹಾಗೆ:
ಯಾರೂ ಇಲ್ಲ, ಯಾರೂ ಇಲ್ಲ.

ಸುನ್ವಾ ಆ ಕೆಲಸದಿಂದ ಅದನ್ನು ಬಿಡಿಸಿದಳು.
ಈಗದು 'ಬಂದದ್ದು' ಎಂಬ ಫೋಲ್ಡರಿನ ಹೊಸ್ತಿಲಿಗೆ
ಕಿವಿಯಿಟ್ಟು ಮಲಗಿರುತ್ತದೆ.
ಕಡಲಿಂದ ಫೈಲು ಕಾಲಿಟ್ಟಿತೋ, ಎದ್ದಿತು.
ಯಾವ ದೋಣಿ, ಎಷ್ಟು ಕಾಡ್, ಎಷ್ಟು ಹ್ಯಾಡಕ್,
ಎಷ್ಟು ಪೆಟ್ಟಿಗೆ, ಎಷ್ಟು ಟನ್ನು ಮಂಜುಗಡ್ಡೆ,
ಲೆಕ್ಕ ಹಾಕಿ ನನಗೊಂದು ಚೀಟಿ ಕಳಿಸಿ
ಫೈಲನ್ನು 'ಮುಗಿದದ್ದು' ಎಂಬಲ್ಲಿಗೆ ನೂಕಿ
ಮಗ್ಗುಲಾಗುತ್ತದೆ.

ನಾನು ಕ್ಲಾಕ್ಸ್‌ವೀಕ್ ಬಂದರಿನ ಐಸ್ ಮನೆಯವನು.
ಚೀಟಿ ಬಂದರೆ ಯಂತ್ರ ತಿರುಗಿಸುತ್ತೇನೆ.
ಅದೂ ನಾನೂ ಒಂದೇ ಜಾತಿ.

ಜನವರಿಯ ಒಂದು ರಾತ್ರಿ
ಫೈಲಿನ ತಲೆ ಬಂತು, ಮೈ ಇನ್ನೂ ಉಪಗ್ರಹದ ದಾರಿಯಲ್ಲಿತ್ತು.
ಇದು ಎದ್ದು ತಲೆಯನ್ನಷ್ಟೇ ಓದಿ
ನಲವತ್ತು ಪೆಟ್ಟಿಗೆ ಎಂದಿತು.
ಬಂದದ್ದು ನಾನೂರು.
ಒಲೆಯಿಂದಿಳಿಯದ ಅನ್ನಕ್ಕೆ ಎಲೆ ಹಾಕಿದ ಹಾಗಾಯ್ತು.
ಕಟ್ಟೆಯ ಮೇಲೆ ಮೀನು ಬಾಯಿ ತೆರೆದುಕೊಂಡು,
ಐಥ್‌ಬ್ಯೋರ್ನ್ ಅದಕ್ಕಿಂತ ದೊಡ್ಡದಾಗಿ ಬಾಯಿ ತೆರೆದುಕೊಂಡು.

ಬಂದದ್ದೆಲ್ಲ ಪೂರ್ತಿ ಬಂದದ್ದಲ್ಲ, ಎಂದಳು ಸುನ್ವಾ,
ತನಗೇ ಹೇಳಿಕೊಂಡಂತೆ.
ಅಂದಿನಿಂದ ಪ್ರತಿ ಫೈಲಿನ ಹಿಂದೆ
ಇನ್ನೊಂದು ಬರುತ್ತದೆ, ತೀರಾ ಪುಟ್ಟದು.
ಒಳಗೆ ಒಂದಕ್ಷರವಿಲ್ಲ. ಸೊನ್ನೆ ಬೈಟು.
ಬಂದದ್ದೇ ಅದರ ಮಾತು:
ಮುಂದೆ ಹೋದವನು ಇಡಿಯಾಗಿ ಒಳಗಾದ, ಇನ್ನು ಎಬ್ಬಿಸು.
ನನಗೆ ಆ ಖಾಲಿ ಫೈಲೆಂದರೆ ಒಂಥರಾ ಇಷ್ಟ.

ಎಲ್ಲ ಸರಿಯಿತ್ತು, ಚಾಲ್ದುರ್ ದೋಣಿಯ ರಾತ್ರಿಯವರೆಗೆ.
ಅದು ಏನನ್ನೂ ಕಳಿಸಲಿಲ್ಲ.
ಇದು ಮಲಗೇ ಇತ್ತು.
ದಾಖಲೆಯಲ್ಲಿ ಒಂದು ತಪ್ಪಿಲ್ಲ, ಒಂದು ಕೆಂಪು ಗೆರೆಯಿಲ್ಲ;
ಬಂದರೆ ಏನೆಂದು ಕಲಿಸಿದ್ದೆವು,
ಬಾರದಿದ್ದರೆ ಏನೆಂದು ಯಾರೂ ಹೇಳಿರಲಿಲ್ಲ.
ಆ ಹಳೆಯ ಆಳಾದರೂ
ಯಾರೂ ಇಲ್ಲ ಅಂತ ಬಾಯಿಬಿಟ್ಟು ಹೇಳುತ್ತಿತ್ತಲ್ಲ.

ಬೆಳಗಿನ ಆರಕ್ಕೆ ದೋಣಿಯೇ ಬಂತು,
ದೀಪ ಹಚ್ಚಿಕೊಂಡು, ಹೊಟ್ಟೆ ತುಂಬಿಕೊಂಡು.
ಹೆರ್ಗೈರ್ ಗುಂಡಿ ಒತ್ತುವುದನ್ನು ಮರೆತು
ನಿದ್ದೆ ಹೋಗಿದ್ದನಂತೆ. ಅಷ್ಟೆ.
ಮಧ್ಯಾಹ್ನ ನೆನಪಾಗಿ ಒತ್ತಿದ.
ಇದು ಧಡಕ್ಕನೆ ಎದ್ದು, ಶ್ರದ್ಧೆಯಿಂದ,
ಆಗಲೇ ಬಾಣಲೆ ಸೇರಿದ್ದ ಮೀನಿಗೆ
ಮೂರು ಟನ್ನು ಮಂಜುಗಡ್ಡೆ ಕೇಳಿತು.
ನಾನು ನಕ್ಕೆ. ಸುನ್ವಾ ನಗಲಿಲ್ಲ.
ಆ ಆರು ಗಂಟೆಯವರೆಗಿನ ಹೊತ್ತನ್ನು ಅವಳು ಎಣಿಸುತ್ತಿದ್ದಳು.

ಇನ್ನೊಂದು ಬರೆದಳು, ಬಾರದವರಿಗಾಗಿ.
ನಾಲ್ಕಕ್ಕೆ ಏಳು; ಪಟ್ಟಿ ತೆಗೆ;
ಹೋದವರಲ್ಲಿ ಯಾರ ಸುದ್ದಿಯಿಲ್ಲವೋ
ಅವರ ಹೆಸರು ಹೇಳಿ ನನ್ನನ್ನು ಎಬ್ಬಿಸು.

ಮೊದಲ ಭಾನುವಾರವೇ ಎಬ್ಬಿಸಿತು,
ಹದಿನಾಲ್ಕು ದೋಣಿಗಳ ಹೆಸರು ಹಿಡಿದು.
ಎಲ್ಲವೂ ಅವಳ ಕಿಟಕಿಯ ಕೆಳಗೇ
ಹಗ್ಗಕ್ಕೆ ಕಟ್ಟಿಕೊಂಡು ತೂಗುತ್ತಿದ್ದವು.
ಭಾನುವಾರವನ್ನು ಕಲಿಸಬೇಕಾಯಿತು,
ಬಿರುಗಾಳಿಯ ರಜೆಯನ್ನು, ಓಲಾವ್ ಹಬ್ಬದ ಎರಡು ದಿನವನ್ನು,
ಬಾರದಿರುವುದೂ ಸರಿ ಎನ್ನುವ ದಿನಗಳನ್ನೆಲ್ಲ.

ಆಮೇಲೂ ಒಂದು ಹೆಸರು ಉಳಿಯಿತು.
ದಿನಾ ನಾಲ್ಕಕ್ಕೆ: ರೀಟಾ ಬಂದಿಲ್ಲ.
ಹೋದ ವರ್ಷ ಗುಜರಿಗೆ ಹೋದ ದೋಣಿ,
ಪಟ್ಟಿಯಿಂದ ಯಾರೂ ತೆಗೆದಿರಲಿಲ್ಲ.
ಇಪ್ಪತ್ತೆರಡು ವರ್ಷ ನಾನು ಅದಕ್ಕೆ ಮಂಜುಗಡ್ಡೆ ತುಂಬಿದ್ದೆ.
ಅಳಿಸಿಬಿಡು, ಎಂದೆ.

ಅವಳು ಅಳಿಸಲಿಲ್ಲ.
ಆ ಸಾಲಿನ ಮುಂದೆ
ಎರಡು ಗೆರೆ ಅಡ್ಡ, ಎರಡು ಉದ್ದ,
ಬಲೆಯ ಒಂದೇ ಒಂದು ಕಣ್ಣಿನಂಥ ಗುರುತು ಹಾಕಿದಳು.
ಹೆಸರು ಇರುತ್ತದೆ, ಓದಲೂಬಹುದು,
ಇನ್ನು ಯಾರನ್ನೂ ಎಬ್ಬಿಸುವುದಿಲ್ಲ.