ಚೀಟಿ

ಆಮಂತ್ರಣ ತಿದ್ದಿದವನು ನಾನೇ.
ದುರ್ಗಿಗುಡಿಯ ಪ್ರೆಸ್ಸಿನಲ್ಲಿ, ರಾತ್ರಿ ಹತ್ತೂವರೆಗೆ,
‘ಕಪ್ಪು ಕಥನ: ಎರಡು ದಿನದ ಊರಹಬ್ಬ’ದ ಕೆಳಗೆ
ಒತ್ತಕ್ಷರ, ಸೊನ್ನೆ, ದೀರ್ಘ ಎಲ್ಲ ನೆಟ್ಟಗೆ ಮಾಡಿ
ನತಾಲಿನ್ ಸಿದ್ದಿ ಎಂಬ ಹೆಸರಿನ ಮುಂದೆ
‘ಕಥೆ’ ಎಂದಿದ್ದುದನ್ನು ಹೊಡೆದು
‘ಕುಣಿತ’ ಎಂದು ಬರೆದೆ.
ಯಾರೂ ಹೇಳಿರಲಿಲ್ಲ.
ಕೈಗೆ ಅಷ್ಟೇ ಗೊತ್ತಿತ್ತು.

ಶನಿವಾರ. ಇನ್ನೂರು ಪ್ಲಾಸ್ಟಿಕ್ ಕುರ್ಚಿ, ಮಂಡಕ್ಕಿ, ಚಹಾ,
ಮೇಜಿನ ಮೇಲೆ ಕಡಲಾಚೆಯಿಂದ ಕನ್ನಡಕ್ಕೆ ದಾಟಿ ಬಂದ ಕಾದಂಬರಿಗಳು,
ಶೇಕಡಾ ಇಪ್ಪತ್ತು ರಿಯಾಯಿತಿ.
ಫಾರ್ಮಸಿ ಓದಲು ಬಂದ ಬರಾಕಾ
ಸ್ವಾಹಿಲಿಯಲ್ಲೊಂದು ಒಗಟು ಹೇಳಿ, ತೊದಲುತ್ತ ಕನ್ನಡಕ್ಕೆ ತಂದ:
‘ನನ್ನ ಮನೆಗೆ ಬಾಗಿಲೇ ಇಲ್ಲ.’
ಪ್ರೊಫೆಸರರು ಯೋಚಿಸಿದರು. ‘ಒಂಟಿತನವೇ?’ ಎಂದರು.
ಹಿಂದಿನ ಸಾಲಿನಿಂದ ಕೋಳಿ ಅಂಗಡಿಯ ಸಾದಿಕ್ ಸಾಬರು
‘ಮೊಟ್ಟೆ’ ಎಂದು ಗೆದ್ದರು.

ಫೋಟೋದವನು ಅವನನ್ನೂ ನತಾಲಿನಳನ್ನೂ ಪಕ್ಕಪಕ್ಕ ನಿಲ್ಲಿಸಿ
‘ಒಂದೇ ಮನೆಯವರ ಹಾಗೆ ನಗಿ’ ಅಂದ.
‘ನಂದು ಯಲ್ಲಾಪುರದ ಹತ್ರ ಮಾರಾಯಾ.
ಇವನ ಮನೆಗಿಂತ ನಿನ್ನ ಮನೆಯೇ ನಂಗೆ ಹತ್ರ.’
ಮೂವರೂ ನಕ್ಕರು. ಆ ಫೋಟೋ ಚೆನ್ನಾಗಿ ಬಂದಿದೆ.

ಅಧ್ಯಕ್ಷರು ಕಂಠ ಬಿಗಿದು ನುಡಿದರು:
‘ಮಸಿಯೂ ಕಪ್ಪಲ್ಲವೇ! ಹಾಗಾಗಿ ಸಾಹಿತ್ಯವೆಲ್ಲ ಕಪ್ಪೇ!’
ಚಪ್ಪಾಳೆ ಇಳಿಯುವ ಮುಂಚೆ, ಕೂತಲ್ಲಿಂದಲೇ ಅವಳು:
‘ಹೌದಾ? ಕಾಗದ ಯಾರದ್ದು ಹಾಗಾದ್ರೆ?’

ಆಮೇಲೆ ‘ಈಗ ಕುಣಿತ’ ಎಂದು ಕೂಗಿದರು.
ಅವಳು ಎದ್ದು ಬಂದಳು. ಗೋಡೆಗೆ ಒರಗಿಸಿದ್ದ ದಮಾಮಿಯನ್ನು
ಮಲಗಿದ ಮಗುವನ್ನು ಹೊರಳಿಸುವಷ್ಟು ಮೆತ್ತಗೆ ಆಚೆ ತಿರುಗಿಸಿ
ಮೈಕಿನ ಗುಂಡಿ ಆರಿಸಿದಳು.
‘ಇದು ಗಟ್ಟಿಯಾಗಿ ಹೇಳೋ ಕಥೆ ಅಲ್ಲ.’

ಒಬ್ಬಳು ಕಡಲ ಕಡೆಯಿಂದ ಘಟ್ಟ ಹತ್ತುತ್ತಿದ್ದಳಂತೆ.
ಬೆನ್ನ ಮೇಲೆ ಕೂಸು. ಬೆನ್ನ ಹಿಂದೆ ದೊಂದಿ, ನಾಯಿ, ಒಡೆಯನ ಆಳು.
ಕೂಸು ಅತ್ತರೆ ಇಬ್ಬರೂ ಸಿಕ್ಕಿಬೀಳಬೇಕು.
ಎದೆಯಲ್ಲಿ ಹಾಲಿಲ್ಲ, ಸೆರಗಿನಲ್ಲಿ ಬೆಲ್ಲವಿಲ್ಲ,
ಇದ್ದ ಹೆಸರೂ ಕೊಂಡವನು ಇಟ್ಟದ್ದು.
ಅದಕ್ಕೆ ಕಿವಿಯೊಳಗೆ ಪಿಸುಗುಟ್ಟಿದಳು:
ಒಂದು ಆಮೆ ಇತ್ತು, ಅದಕ್ಕೆ ಸಮುದ್ರ ಮರೆತುಹೋಗಿತ್ತು.
ಆಮೆ ಮರವನ್ನು ಕೇಳಿತು. ಮರ, ಹಕ್ಕಿಯನ್ನು ಕೇಳು ಅಂತು.
ಹಕ್ಕಿ, ಹೊಳೆಯನ್ನು ಕೇಳು ಅಂತು. ಹೊಳೆ ಅವಸರದಲ್ಲಿತ್ತು…

ಯಾರೋ ಫ್ಯಾನು ನಿಲ್ಲಿಸಿದರು.
ಕುರ್ಚಿಗಳು ಒಂದೊಂದೇ ಮುಂದೆ ಸರಿದವು.
ಹೊರಗೆ ಆಟೋ ಹಾರನ್ ಆದಾಗೆಲ್ಲ ಅವಳು ತಡೆದಳು,
ನಾವೂ ಉಸಿರು ಹಿಡಿದೆವು,
ನಾಯಿ ಹತ್ತಿರ ಬಂತೇನೋ ಎನ್ನುವ ಹಾಗೆ.

ಆಗ ನಿರೂಪಕಿ ಸುವರ್ಚಲಾ ನನ್ನ ಕೈಗೆ ಚೀಟಿ ತುರುಕಿದರು.
‘ಸಮಯ ಮೀರಿದೆ. ದಯವಿಟ್ಟು ಮುಗಿಸಿ.’
ಕೊಟ್ಟೆ. (ಕೊಡದೇ ಇರಬಹುದಿತ್ತು. ಕೊಟ್ಟೆ.)
ಅವಳು ಓದಿದಳು, ನನ್ನ ಮುಖ ನೋಡಿದಳು.
‘ಮುಗಿಸಿದ್ರೆ ಕೂಸು ಅಳ್ತದೆ, ತಮ್ಮಾ.
ನಮ್ಮಜ್ಜಿ ಮುಗಿಸ್ಲಿಲ್ಲ. ಅವ್ವ ಮುಗಿಸ್ಲಿಲ್ಲ.
ಚೀಟಿ ಬಂತು ಅಂತ ನಾನು ಮುಗಿಸ್ಲಾ?’
ಗಂಟೆ ಬಾರಿಸುವ ಹುಡುಗ ಗಂಟೆಯ ನಾಲಿಗೆ ಹಿಡಿದುಕೊಂಡ.

ಸಂಜೆ ಬಸ್‌ಸ್ಟ್ಯಾಂಡಿಗೆ ದಮಾಮಿ ಹೊತ್ತವನು ನಾನು.
ಸಾಗರದ ಪ್ಲಾಟ್‌ಫಾರ್ಮಿನ ಹತ್ತಿರ ಎಲ್ಲ ಒಪ್ಪಿಕೊಂಡೆ:
ಹೊಡೆದ ಪದ, ಬರೆದ ಪದ.
ಬೈಯುತ್ತಾಳೆ ಅಂದುಕೊಂಡಿದ್ದೆ.
‘ಕುಣಿಯೋಕೂ ಬರ್ತದೆ ನಂಗೆ, ಚಂದ ಬರ್ತದೆ.
ಮುಂದಿನ ವರ್ಷ ಎರಡೂ ಬರಿ.
ದುಡ್ಡೂ ಎರಡರದ್ದು ಕೊಡ್ಸು.’

ಕಂಡಕ್ಟರ್ ಸೀಟಿ ಊದಿದ.
ಕಿಟಕಿ ಪಕ್ಕದ ಹೆಂಗಸಿನ ಮಡಿಲಲ್ಲಿ
ಯಾರದೋ ಕೂಸು ಬಾಯಿ ಅಗಲಿಸುತ್ತಿತ್ತು,
ಅಳು ಇನ್ನೂ ಹೊರಬಿದ್ದಿರಲಿಲ್ಲ.
ನತಾಲಿನ್ ಚೀಟಿಯನ್ನು ಟಿಕೆಟ್ಟಿನ ಜೊತೆ ಮಡಚಿಟ್ಟು
ಅದರ ಕಿವಿಗೆ ಬಾಗಿದ್ದು ಕಂಡಿತು.
ಹೊಳೆಯ ತನಕ ಆಗಿತ್ತು.
ಹೊಳೆ ಏನಂತು, ನನಗೆ ಕೇಳಿಸಲಿಲ್ಲ.