ಬಸಿದ ನೀರು

ಮಾಲೂರಿನಾಚೆ, ಹೆಂಚಿಗೆಂದು ಮಣ್ಣು ತೆಗೆದ ಗುಂಡಿ.
ಎಷ್ಟು ಮನೆಗಳ ಸೂರು ಇಲ್ಲಿಂದ ಹೋಯಿತೋ!
ಈಗ ಅದೇ ಮನೆಗಳ ಕಸ
ತಿರುಗಿ ಬಂದು, ಗುಂಡಿ ತುಂಬಿ,
ಗುಡ್ಡವಾಗಿ ಕೂತಿದೆ.

ಬುಡದಲ್ಲಿ ಒಸರುತ್ತದೆ
ಡಿಕಾಕ್ಷನ್ ಬಣ್ಣದ ನೀರು.
ನಮ್ಮ ಫಾರಮ್ಮಿನಲ್ಲಿ ಅದರ ಹೆಸರು ಲೀಚೇಟ್.
ಕಾವಲಿನ ವೆಂಕಟರವಣಪ್ಪ ಒಪ್ಪುವುದಿಲ್ಲ:
'ಕಟ್ಟು ಮೇಡಂ, ಇದು. ಹುರುಳಿ ಬೇಯಿಸಿ ಬಸಿದರೆ
ಬರುತ್ತಲ್ಲ, ಹಂಗೆ.
ಒಗ್ಗರಣೆ ಒಂದು ಬಾಕಿ.'
ನಗಬಾರದೆಂದುಕೊಂಡೂ ನಕ್ಕೆ,
ಮಾಸ್ಕಿನೊಳಗೆ.

ಮೂರು ಬಾಟಲಿ, ಆಸಿಡ್ಡಿನಲ್ಲಿ ತೊಳೆದವು.
ಚೀಟಿಯ ಮೇಲೆ ದಿನ, ವೇಳೆ, ಸಹಿ: ಸುಗುಣ ಎಂ.ವಿ.
ಎರಡು, ಪೈಪಿನ ಬಾಯಿಂದ.
ಮೂರನೆಯದು, ಅವನು ಗದ್ದ ಎತ್ತಿ ತೋರಿದ ಮೂಲೆಯಿಂದ.
ಅಲ್ಲಿಗೆ ರಾತ್ರಿ ನಂಬರಿಲ್ಲದ ಟ್ರ್ಯಾಕ್ಟರ್ ಬರುತ್ತದಂತೆ,
ಹಳೇ ಬ್ಯಾಟರಿಗಳ ಹೊಟ್ಟೆ ಸೀಳಿ ಉಳಿದ ಬೂದಿ ಸುರಿದು
ಲೈಟು ಹಾಕದೆ ಹೋಗುತ್ತದಂತೆ.
'ಅಂತೆ' ಬರೆಯಲು ಚೀಟಿಯಲ್ಲಿ ಜಾಗವಿಲ್ಲ.
ಬಿಂದು ೩ ಎಂದು ಬರೆದೆ.

ನಿಯಮ ಬರೆದವರು ದಡ್ಡರಲ್ಲ.
ಗಟ್ಟಿ ಕಸವಾದರೆ ಹುಳಿನೀರಿಗೆ ಹಾಕಿ
(ಅಡುಗೆಮನೆಯ ವಿನಿಗರ್ ಇದೆಯಲ್ಲ, ಅದರ ಬಡ ತಮ್ಮ)
ಹದಿನೆಂಟು ಗಂಟೆ ತಲೆಕೆಳಗು ತಿರುಗಿಸಬೇಕು,
ವರ್ಷಗಟ್ಟಲೆ ಮಳೆ ಏನು ಮಾಡೀತೆಂದು
ಒಂದು ರಾತ್ರಿಯಲ್ಲಿ ತಿಳಿಯಲು.
ತಾನಾಗಿ ಹರಿದು ಬಂದದ್ದಕ್ಕೆ ಅದೆಲ್ಲ ಬೇಡ.
ಸೋಸಿದರೆ ಸಾಕು, ಅದೇ ಸಾರ.
ಮಳೆ ಆಗಲೇ ತನ್ನ ಪಾಳಿ ಮುಗಿಸಿದೆ.

ಅಮ್ಮ ಬಸಿಯುವಾಗ ಮುಚ್ಚಳ ಒತ್ತಿ ಹಿಡಿದು
ಪಾತ್ರೆ ಓರೆ ಮಾಡುತ್ತಿದ್ದಳು, ಹಬೆಗೆ ಮುಖ ತಿರುವಿ.
ಆಮೇಲೆ ಅಂಗೈಗೆ ಒಂದು ಹನಿ, ನಾಲಿಗೆ ತುದಿ, 'ಉಪ್ಪು ಕಮ್ಮಿ.'
ನಮ್ಮ ಯಂತ್ರದ ನಾಲಿಗೆ ಬೆಂಕಿಯದು.
ಹನಿ ಹೀರುತ್ತದೆ, ಉರಿಸುತ್ತದೆ, ರುಚಿ ಹೇಳುತ್ತದೆ.
ಉಪ್ಪಿನದಲ್ಲ.

ಸೀಸ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ:
ನಾಲ್ಕು ಪಾಯಿಂಟ್ ಎಂಟು.
ನಾಲ್ಕು ಪಾಯಿಂಟ್ ಆರು.
ಬಿಂದು ೩, ಐದು ಪಾಯಿಂಟ್ ಮೂರು.

ಐದಕ್ಕೆ ಗಡಿ.
ಮುಟ್ಟಿದರೆ ಅಪಾಯಕಾರಿ: ಬೇರೆ ಲಾರಿ, ಬೇರೆ ಗುಂಡಿ,
ಯಾರದೋ ಬಾಗಿಲಿಗೆ ನೋಟೀಸು.
ಮುಟ್ಟದಿದ್ದರೆ ಬರೀ ಕೊಳಕು ನೀರು.
ಕುಡಿಯುವ ನೀರಿನ ಗಡಿ ಇದರ ಐನೂರರಲ್ಲೊಂದು ಪಾಲು,
ಆದರೆ ಇದನ್ನು ಯಾರು ಕುಡಿಯುತ್ತಾರೆ, ಎನ್ನುತ್ತದೆ ಕಾಗದ.
ಕೆಳಗಿನ ತೋಟದ ಬೋರ್‌ವೆಲ್ಲಿಗೆ
ಓದು ಬರಹ ಬಾರದು.

ಆರೋಗ್ಯರಾಜ್ ಸರ್ ಒಳ್ಳೆಯವರು. ಕೆಜಿಎಫ್‌ನಲ್ಲಿ
ಸಯನೈಡ್ ದಿಬ್ಬಗಳ ಬದಿಗೆ ಕ್ರಿಕೆಟ್ ಆಡಿ ಬೆಳೆದವರು;
ಗಾಳಿ ಎದ್ದ ದಿನ ಬ್ಯಾಟು ಎಸೆದು ಮನೆಗೋಡಿದವರು.
'ಸರಾಸರಿ ಹಾಕಮ್ಮ' ಎಂದರು,
ಕನ್ನಡಕ ಒರೆಸುತ್ತ, ನನ್ನತ್ತ ನೋಡದೆ.
ನಾಲ್ಕು ಪಾಯಿಂಟ್ ಒಂಬತ್ತು.
ಸರಾಸರಿ ಎಂಥ ಜರಡಿಯೋ,
ಇಡೀ ಟ್ರ್ಯಾಕ್ಟರು ಅದರ ಕಣ್ಣಲ್ಲಿ ತೂರಿ ಹೋಯಿತು,
ಲೈಟು ಹಾಕದೆ.

ಮೂರನ್ನೂ ಬೇರೆ ಬೇರೆ ಸಾಲಲ್ಲಿ ಬರೆದೆ.
ಸರಾಸರಿಯನ್ನೂ ಬರೆದೆ, ಕೊನೆಗೆ, ದಪ್ಪ ಅಕ್ಷರದಲ್ಲಿ.
ಕೆಲಸ ಬೇಕಲ್ಲ.
ಜನ ಓದುವುದು ದಪ್ಪ ಅಕ್ಷರ, ಗೊತ್ತಿತ್ತು.

ಆ ಸಂಜೆ ಮನೆಯಲ್ಲಿ ಮುದ್ದೆ, ಬಸ್ಸಾರು.
ಮೊದಲ ತುತ್ತು ಮುರಿದು, ಅದ್ದುವ ಮುಂಚೆ
ಬಟ್ಟಲನ್ನು ಬೆಳಕಿಗೆ ಹಿಡಿದದ್ದನ್ನು
ಅಮ್ಮ ನೋಡಿದಳು.
'ಏನಮ್ಮಾ, ಹುಳ ಬಿದ್ದಿದೆಯಾ?'

ಉಳಿದ ನೀರು ಫ್ರಿಜ್ಜಿನ ಕೆಳಗಿನ ಅರೆಯಲ್ಲಿದೆ.
ಪಾದರಸಕ್ಕೆ ತಾಳ್ಮೆ ಕಡಿಮೆ,
ಇಪ್ಪತ್ತೆಂಟು ದಿನ ದಾಟಿದರೆ ಅದರ ಸಾಕ್ಷ್ಯ ನಡೆಯದು.
ಸೀಸ ನೂರ ಎಂಬತ್ತು ದಿನ ಕಾಯುತ್ತದೆ,
ಯಾರಾದರೂ ಮತ್ತೆ ಕೇಳಿಯಾರೆಂದು.
ಬಾಗಿಲು ತೆರೆದಾಗಲೆಲ್ಲ ಚೀಟಿ ನೋಡುತ್ತೇನೆ.
ಬಿಂದು ೩.
ಇವತ್ತಿಗೆ ನಲವತ್ತೊಂದು.