ಕೊನೆಯ ಬೆಂಚಿನ ಅಕ್ಷರ

ಬಾಗಿಲ ಸಂದಿಗೆ ಟವೆಲ್ ತುರುಕಿ ಮಾರಿಸೆಲ್ ಕೇಳಿದಳು:
ಇದೇನು, ಬಸವನಹುಳುವಾ? ಕಿವಿಯಾ?
ಅಕ್ಷರ, ಅಂದೆ.
ಯಾರ ಹೆಸರಿನ ಮೊದಲಕ್ಷರ?
ಯಾರದ್ದೂ ಅಲ್ಲ. ಇದರಿಂದ ಯಾವ ಹೆಸರೂ ಶುರುವಾಗುವುದಿಲ್ಲ.
ಶಾಲೆಯ ಗೋಡೆಯ ಚಾರ್ಟಿನಲ್ಲಿ ಎಲ್ಲರಿಗಿಂತ ಹಿಂದೆ,
ಕೊನೆಯ ಬೆಂಚಿನಲ್ಲಿ ಕೂರುವ ಳ.

ಮನಾಮಕ್ಕೆ ಬಂದಿಳಿದ ದಿನ ಗಾಜಿನ ಹಿಂದಿನವನು
ನನ್ನ ಹೆಸರಿನಿಂದ ಅದನ್ನು ತೆಗೆದಿಟ್ಟುಕೊಂಡ,
ಉಪ್ಪಿನಕಾಯಿ ಬಾಟಲಿ ತೆಗೆದಿಟ್ಟುಕೊಂಡ ಹಾಗೆ.
ಆರು ವರ್ಷದಿಂದ ಕಾರ್ಡಿನಲ್ಲಿ, ಸಂಬಳದ ಚೀಟಿಯಲ್ಲಿ,
ಗುದೈಬಿಯಾದ ಅಷ್ಟೂ ಮೆಟ್ಟಿಲುಗಳಲ್ಲಿ
ನಾನು ಮಾಲಪ. ನೀರಿನ ಮಾಲಪ.

ಬೆನ್ನಿಗೆ ಯಾಕೆ, ನಿನಗೇ ಕಾಣುವುದಿಲ್ಲವಲ್ಲ, ಅಂದಳು.
ಕೈಗೆ ಹಾಕಿದರೆ ಮುದೀರನಿಗೆ ಕಾಣುತ್ತದೆ.
ಎಡ ಹೆಗಲ ಮೂಳೆಯ ಮೇಲೆ ಸೂಜಿ ಇಟ್ಟಳು.
ಬಲ ಹೆಗಲು ಕ್ಯಾನಿನದು.

ಆಮೇಲೆ ಬೆರಳು ಮಡಚಿ ಮಡಚಿ ಹೇಳಿದಳು:
ನೀರಲ್ಲಿ ನೆನೆಸಬೇಡ.
(ದಿನಕ್ಕೆ ತೊಂಬತ್ತು ಕ್ಯಾನು ಹೊರುವವನಿಗೆ!)
ಬಿಸಿಲಿಗೆ ತೋರಿಸಬೇಡ.
(ಆಗಸ್ಟಿನಲ್ಲಿ. ಇಲ್ಲಿ.)
ಕಡಲಿಗಿಳಿಯಬೇಡ, ಕೆರೆಯಬೇಡ, ವಾಸನೆಯ ಸೋಪು ಬೇಡ,
ಮುಲಾಮು ತೆಳ್ಳಗೆ, ದಿನಕ್ಕೆರಡು ಸಲ.
ಕೈಗೆ ನಿಲುಕದ ಜಾಗ, ಅಂದೆ.
ರೂಮಿನಲ್ಲಿ ಯಾರಾದರೂ ಇರುತ್ತಾರಲ್ಲ, ಅಂದಳು.

ಇದ್ದರು. ಆರು ಜನ.
ಐವರಿಗೆ ರಾತ್ರಿ ಪಾಳಿ.
ಉಳಿದವನು ಅನಿಸುಜ್ಜಮಾನ್, ನೊವಾಖಾಲಿಯವನು,
ಕೆಳಗಿನ ಮಂಚಕ್ಕಾಗಿ ಜಗಳವಾಡಿ
ರಂಜಾನಿನಿಂದ ನನ್ನೊಡನೆ ಮಾತು ಬಿಟ್ಟವನು.

ಮೊದಲ ರಾತ್ರಿ ಕನ್ನಡಿಗೆ ಬೆನ್ನು ಕೊಟ್ಟು
ಚಮಚದ ಹಿಂಬದಿಗೆ ಮುಲಾಮು ಮೆತ್ತಿ ಒದ್ದಾಡಿದೆ.
ಬೆಳಿಗ್ಗೆ ಬನಿಯನ್ನು ಅಂಟಿಕೊಂಡಿತ್ತು.
ಎಳೆಯಲು ಹೋದೆ.
ನಿಲ್ಲು, ಅಂದ. ಐದು ತಿಂಗಳಲ್ಲಿ ಮೊದಲ ಮಾತು.

ತಣ್ಣೀರಿನ ನಲ್ಲಿ ಈ ತಿಂಗಳು ಕುದಿಯುತ್ತದೆ;
ಬಂದ್ ಮಾಡಿಟ್ಟ ಗೀಸರಿನ ಹೊಟ್ಟೆಯಲ್ಲಷ್ಟೇ
ಒಂದು ಬಕೆಟ್ ತಂಪು ಉಳಿದಿರುತ್ತದೆ.
ಅದನ್ನು ಮಗ್ಗಿನಲ್ಲಿ ತಂದು, ತೊಟ್ಟು ತೊಟ್ಟಾಗಿ ಸುರಿದು,
ಬಟ್ಟೆ ತಾನಾಗಿ ಬಿಡುವ ತನಕ ಕಾದ.
ಬಿಟ್ಟ ಬನಿಯನ್ನಿನ ಮೇಲೆ ತಿರುಗುಮುರುಗಾದ ಅಕ್ಷರ:
ಮಸಿ, ರಸಿಕೆ, ಒಂಚೂರು ರಕ್ತ.

ಯಾರಾದರೂ ಮೈ ಮುಟ್ಟಿ ಎಷ್ಟು ದಿನವಾಗಿತ್ತು?
ಮೆಡಿಕಲ್‌ನಲ್ಲಿ ಒಮ್ಮೆ, ಕೈಗವಸಿನ ಎರಡು ಬೆರಳು.
ಸಲೂನಿನಲ್ಲಿ ಕತ್ತು. ಅಷ್ಟೇ.
ಬೆನ್ನು ಬೆಚ್ಚಿಬಿದ್ದಿತು.
ಅಲುಗಬೇಡ, ಅಂದ.

ಐದನೇ ದಿನಕ್ಕೆ ತುರಿಕೆ.
ಲಿಫ್ಟು ಕೆಟ್ಟ ಕಟ್ಟಡದ ನಾಲ್ಕನೇ ಮಹಡಿ ಹತ್ತುವಾಗ
ಗೋಡೆ ಕಂಡರೆ ಎಮ್ಮೆಯ ಆಸೆ.
ರಾತ್ರಿ ಅವನು ಅಂಗೈಯಿಂದ ತಟ್ಟುತ್ತಿದ್ದ, ಕೆರೆಯದೆ, ಬರೀ ತಟ್ಟುತ್ತ,
ಇನ್ನೊಂದು ಕೈಯಲ್ಲಿ ಮನೆಗೆ ಫೋನು.
ಅಬ್ಬಾ, ಯಾರಿಗೆ ಹೊಡೆಯುತ್ತಿದ್ದೀ, ಎಂದು ಕೇಳಿದಳಂತೆ ಮಗಳು.

ಏಳಕ್ಕೆ ಸಿಪ್ಪೆ.
ಹಾಸಿಗೆಯ ತುಂಬ ಸೀದ ಸಾಸಿವೆಯಂಥ ಚೂರು.
ಇದೂ ಹೋಯಿತೇ, ಅಂತ ಕೂಗಿಯೇಬಿಟ್ಟೆ.
ಟಾರ್ಚು ಹಿಡಿದು ನೋಡಿದ.
ಅಡಿಯಲ್ಲಿದೆ, ಅಂದ, ಮಲಗು.

ಕೆಳಗಿನ ಮಂಚದ ಮಾತನ್ನು ಇಬ್ಬರೂ ಎತ್ತಲಿಲ್ಲ.
ಬೋರಲು ಮಲಗುವವನಿಗೆ ಮೇಲೇನು, ಕೆಳಗೇನು.
ಈಗಲೂ ನನ್ನನ್ನು ಮಾಲಪ ಅನ್ನುತ್ತಾನೆ.
ನಾಲಿಗೆ ಮಡಚು ಅಂದೆ, ಅಂಗುಳಕ್ಕೆ ತಾಗಿಸು ಅಂದೆ.
ಮಾರಪ. ಮಾಡಪ.
ಬಿಟ್ಟುಬಿಟ್ಟೆ.

ಹದಿನೈದನೇ ಬೆಳಿಗ್ಗೆ ಮುಲಾಮಿನ ಡಬ್ಬಿಯ ತಳ ಕಂಡಿತು.
ವ್ಯಾನು ತೆಗೆಯಲು ಇಳಿದೆ.
ರಾತ್ರಿಯ ದೂಳುಗಾಳಿ ಹಿಂದಿನ ಗಾಜಿನ ಮೇಲೆ ದಪ್ಪಗೆ ಕೂತಿತ್ತು.
ಅದರಲ್ಲಿ ಬೆರಳಿನಿಂದ ಬರೆದ
ಗೇಣುದ್ದದ ಒಂದು ಳ.
ಬಾಲ ಕೊಂಚ ಹೆಚ್ಚಾಗಿತ್ತು,
ಶುರು ಮಾಡಬಾರದ ಕಡೆಯಿಂದ ಶುರು ಮಾಡಿದ್ದ.
ಆದರೆ ಇಪ್ಪತ್ತೆಂಟು ಸಲ ಹಚ್ಚಿದ ಬೆರಳು
ತಿರುವು ತಪ್ಪಿರಲಿಲ್ಲ.

ನನ್ನ ಬೆನ್ನನ್ನು ನಾನು ಎದುರಿನಿಂದ ನೋಡಿದೆ.

ಗಾಜು ಒರೆಸದೆ ಗಾಡಿ ತೆಗೆದದ್ದಕ್ಕೆ
ಮುದೀರ್ ಎರಡು ದಿನಾರ್ ಕಡಿದ.